ಬೇವಿನ ಗಿಡದ ಕೆಳಗೆ ಆರು ಗಾಲಿ

ಬುದ್ಧಿ ಹೇಳುವವನಿಗೆ ಬರಬಾರದ ಕಾಯಿಲೆ ಒಂದೇ: ಊರವರೆಲ್ಲ ಸೇರಿ ಅವನಿಗೇ ಬುದ್ಧಿ ಹೇಳುವಂಥ ಪರಿಸ್ಥಿತಿ. ನನಗೆ ಅದು ಬಂದಿದೆ. ಬಂದು ಹನ್ನೊಂದು ತಿಂಗಳಾಯಿತು. ಅದಕ್ಕೆ ಆರು ಗಾಲಿಗಳಿವೆ, ಇಳಕಲ್ಲಿನ ನಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಂತಿದೆ, ನನ್ನ ಆಯುಷ್ಯದಲ್ಲಿ ಅದು ಅಲ್ಲಿಂದ ಕದಲುವ ಲಕ್ಷಣ ಕಾಣುವುದಿಲ್ಲ.

ನಾನು ಹಳೆಯ ಯಂತ್ರಗಳನ್ನು ಕೊಂಡು ಮಾರುವವನು. ಪಂಪ್‌ಸೆಟ್ಟು, ಜನರೇಟರು, ಕಲ್ಲು ಕೊಯ್ಯುವ ಮಶೀನು, ಹೀಗೆ ಒಬ್ಬರಿಗೆ ಬೇಡವಾದದ್ದನ್ನು ಇನ್ನೊಬ್ಬರಿಗೆ ಬೇಕಾಗುವಂತೆ ಮಾಡುವುದು ನನ್ನ ಉದ್ಯೋಗ. ಶುರು ಮಾಡಿದ್ದು ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ, ಹೆಗಲ ಮೇಲೆ ಸೀರೆಯ ಗಂಟು ಹೊತ್ತುಕೊಂಡು. ಬಸ್ಸು ನಿಲ್ಲುವ ಐದು ನಿಮಿಷದಲ್ಲಿ ಕಿಟಕಿಯ ಒಳಗಿರುವ ಹೆಣ್ಣುಮಗಳಿಗೆ ಸೀರೆಯ ಬಣ್ಣ ಒಪ್ಪಿಸಬೇಕು, ದರ ಒಪ್ಪಿಸಬೇಕು, ಪಕ್ಕದಲ್ಲಿ ಕೂತ ಅತ್ತೆಯನ್ನೂ ಒಪ್ಪಿಸಬೇಕು. ಕಂಡಕ್ಟರ್ ಸೀಟಿ ಊದುವುದರೊಳಗೆ ಎಲ್ಲ ಮುಗಿಯಬೇಕು. ಆ ಸಾಲೆಯಲ್ಲಿ ಕಲಿತವನಿಗೆ ಬೇರೆ ಪದವಿ ಬೇಕಾಗುವುದಿಲ್ಲ. ಮುಂದೆ ನನ್ನ ಕೈಗುಣದ ಸುದ್ದಿ ಹಬ್ಬಿ, ಜನ ತಮ್ಮ ವ್ಯವಹಾರಕ್ಕೂ ನನ್ನನ್ನು ಕರೆದುಕೊಂಡು ಹೋಗತೊಡಗಿದರು. ಎತ್ತು ಕೊಳ್ಳಲು ನಾನು, ಪ್ಲಾಟು ಕೊಳ್ಳಲು ನಾನು, ಮದುವೆಯ ಅಡುಗೆಯವನ ದರ ಇಳಿಸಲು ನಾನು. ಒಂದು ಪೈಸೆ ತೆಗೆದುಕೊಂಡವನಲ್ಲ. ಒಂದು ಚಹಾ, ಮೇಲೆ "ಸಂಗಪ್ಪಣ್ಣಾರು ಇದ್ದರು ಅಂತ ಆತು ನೋಡ್ರಿ" ಎಂಬ ಒಂದು ಮಾತು. ಆ ಮಾತೇ ನನ್ನ ಆಸ್ತಿ ಎಂದುಕೊಂಡಿದ್ದೆ.

ಅಮೀನಗಡದ ದನದ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಮಾತನಾಡುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಮುಖ ಮಾತ್ರ. ಆದ್ದರಿಂದ ಕೈ ಏನು ಮಾಡುತ್ತಿದೆ ಎಂಬುದು ಮುಖಕ್ಕೆ ಗೊತ್ತಿರಬಾರದು. ಓದುಗರಿಗೆ ಉಪಯೋಗವಾಗಲಿ ಎಂದು ಹೇಳುತ್ತೇನೆ: ಬೇಕಾದ ಎತ್ತನ್ನು ಬಿಟ್ಟು ಮೊದಲು ಬೇಡವಾದ ಎತ್ತಿನ ಹಲ್ಲು ನೋಡಬೇಕು. ಅದಕ್ಕೆ ಯಾರೂ ಒಪ್ಪದಂಥ ದರ ಒತ್ತಿ, ಮಾರುವವನನ್ನು ಎದೆಗುಂದಿಸಬೇಕು. ಆಮೇಲೆ ಬೇಕಾದದ್ದರ ಕಡೆಗೆ ಬೇಸರದಿಂದ ತಿರುಗಬೇಕು. ಈ ಸೂತ್ರ ನನಗೆ ಎಂದೂ ಕೈ ಕೊಟ್ಟಿರಲಿಲ್ಲ. ಇದರಲ್ಲಿ ಒಂದೇ ಒಂದು ಅಪಾಯವಿದೆ. ಬೇಡವಾದ ಎತ್ತಿನವನು ಒಪ್ಪಿಬಿಟ್ಟರೆ ಮುಗಿಯಿತು. ಟವೆಲ್ಲಿನ ಕೆಳಗೆ ಒಪ್ಪಿದ ಕೈಯನ್ನು ಬಿಡಿಸಿಕೊಂಡು ಬಂದವನಿಗೆ ಆ ಸಂತೆಯಲ್ಲಿ ಮತ್ತೆ ಯಾರೂ ಕೈ ಕೊಡುವುದಿಲ್ಲ.

ಹನ್ನೊಂದು ತಿಂಗಳ ಹಿಂದೆ, ಊರ ಹೊರಗೆ ಮುಚ್ಚಿಹೋದ ಒಂದು ಕಲ್ಲಿನ ಖಣಿಗೆ ಜನರೇಟರ್ ಕೊಳ್ಳಲು ಹೋಗಿದ್ದೆ. ಖಣಿಯ ಮಾಲೀಕರು ವಯಸ್ಸಾದ ಹಿರಿಯರು, ಹಳೆಯ ಸಂತೆಯ ಮನುಷ್ಯ. ಜನರೇಟರಿನ ಪಕ್ಕದಲ್ಲಿ ಧೂಳು ಮುಚ್ಚಿಕೊಂಡು ಒಂದು ಗಾಡಿ ನಿಂತಿತ್ತು. ನಮ್ಮ ಕೆಂಪು ಕಲ್ಲು ಕೊಳ್ಳಲು ಬರುತ್ತಿದ್ದ ಪರದೇಶದವರು ಗುಡ್ಡ ಹತ್ತಲೆಂದು ಹಡಗಿನಲ್ಲಿ ತರಿಸಿ, ಕೊನೆಗೆ ಅಲ್ಲೇ ಬಿಟ್ಟುಹೋದದ್ದಂತೆ. ಸೂತ್ರದ ಪ್ರಕಾರ ನಾನು ಜನರೇಟರಿನ ಕಡೆ ನೋಡಲೇ ಇಲ್ಲ. ಗಾಡಿಯ ಸುತ್ತ ಮೂರು ಸುತ್ತು ಹಾಕಿದೆ, ಎತ್ತಿನ ಬೆನ್ನು ತಟ್ಟಿದಂತೆ ಬಾಗಿಲು ತಟ್ಟಿದೆ, ಹಲ್ಲು ನೋಡುವವನಂತೆ ಬಾನೆಟ್ ಎತ್ತಿ ನೋಡಿದೆ. ಒಳಗೆ ಎಂಜಿನ್ನೇ ಇರಲಿಲ್ಲ! ಒಳ್ಳೆಯದೇ ಆಯಿತು, ದರ ಇಳಿಸಲು ಕಾರಣ ಸಿಕ್ಕಿತು ಎಂದು ಹಿರಿಹಿರಿ ಹಿಗ್ಗಿ, ಹಿರಿಯರ ಟವೆಲ್ಲಿನ ಕೆಳಗೆ ಕೈ ಇಟ್ಟು, ಹೇಳಲು ನಾಚಿಕೆಯಾಗುವಷ್ಟು ಕಡಿಮೆ ಒತ್ತಿದೆ. ಹಿರಿಯರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, "ಆತು. ಸಂಗಮನಾಥ ನಿಮಗ ಒಳ್ಳೇದು ಮಾಡ್ಲಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆಗ ಅದು ದುಃಖ ಎಂದುಕೊಂಡಿದ್ದೆ. ಈಗ ಯೋಚಿಸಿದರೆ ಬಿಡುಗಡೆ ಹೊಂದಿದವರ ಕಣ್ಣು ಹಾಗೇ ಇರುತ್ತದೆ. ಜನರೇಟರನ್ನು ಅವರು ಬೇರೆಯವರಿಗೆ ಕೊಟ್ಟರು.

ಎಂಜಿನ್ ಇತ್ತು. ಅದು ಎರಡು ಸೀಟುಗಳ ನಡುವೆ ಇತ್ತು. ನಮ್ಮ ಕಾಯಂ ಮೆಕ್ಯಾನಿಕ್ ಮಾಬುಸಾಬ ಅದನ್ನು ಹುಡುಕಿ ತೋರಿಸಿದ. ಮೂವತ್ತು ವರ್ಷ ಟ್ರ್ಯಾಕ್ಟರು, ಲಾರಿಗಳ ಹೊಟ್ಟೆಯಲ್ಲಿ ಕೈಯಾಡಿಸಿದ ಮನುಷ್ಯ, ಗಾಡಿಯ ಕೆಳಗೆ ಹೋಗಿ ಅರ್ಧ ತಾಸು ಮಲಗಿದ್ದು, ಹೊರಗೆ ಬಂದು, ಕೈ ಒರೆಸಿಕೊಂಡು ಸಾಮಾನುಗಳನ್ನು ಚೀಲಕ್ಕೆ ತುಂಬತೊಡಗಿದ. ವೈದ್ಯರು ಚೀಲ ಕಟ್ಟತೊಡಗಿದರೆ ಮನೆಯವರಿಗೆ ಎದೆ ಝಲ್ ಎನ್ನುತ್ತದೆ.

"ಏನ್ ಮಾಬು, ಹೆಂಗೈತಿ?"

"ಅಣ್ಣಾರ, ಇದನ್ನ ಮಾಡಿದಾವ ಭಾಳ ಶಾಣ್ಯಾ ಅದಾನ್ರಿ."

"ಹಂಗಾದ್ರ ಚೊಲೋ ಆತಲ್ಲ."

"ಅಂವಗ ಚೊಲೋ ಆತ್ರಿ. ಅಂವ ಇಲ್ಲಿಗೆ ಬರೂದಿಲ್ಲಲ್ರಿ."

ಗಾಡಿ ಮನೆ ಮುಂದೆ ಬಂದ ದಿನದಿಂದ ಅಭಿಪ್ರಾಯಗಳು ಶುರುವಾದವು. ನೋಡಲು ಅದು ಗಾಲಿ ಹಚ್ಚಿದ ಟ್ರಂಕಿನಂತಿದೆ. ಚೌಕು, ಚಪ್ಪಟೆ, ಪಾಚಿಯ ಬಣ್ಣ. ಹಾಲಿನವನು ಇದು ಮಿಲಿಟರಿಯವರದು, ಗುಂಡು ತಾಗುವುದಿಲ್ಲ ಎಂದ. ಪಕ್ಕದ ಮನೆಯ ಮಾಸ್ತರರು ಇದು ನೀರಿನಲ್ಲಿ ತೇಲುತ್ತದೆ, ಕೃಷ್ಣೆಗೆ ಇಳಿಸಿ ನೋಡಿ ಎಂದರು. ಒಬ್ಬ ಕಂಡಕ್ಟರ್ ಬಸ್ಸು ನಿಲ್ಲಿಸಿ, ಪ್ಯಾಸೆಂಜರುಗಳ ಸಮೇತ ಇಳಿದು ಬಂದು, ಎಣಿಸಿ, "ಆರು ಗಾಲಿ ಯಾಕ್ರಿ? ನಾಕು ಸಾಲೂದಿಲ್ಲೇನು?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡ, ನಾನೇ ಹೆತ್ತ ಮಗುವಿಗೆ ಎರಡು ಬೆರಳು ಹೆಚ್ಚಿದ್ದ ಹಾಗೆ. ಎಲ್ಲರ ಕೊನೆಯ ಪ್ರಶ್ನೆ ಮಾತ್ರ ಒಂದೇ: "ನಿಮ್ಮಂಥಾ ಶಾಣ್ಯಾರು ಇದನ್ನ ಯಾಕ ತೊಗೊಂಡ್ರಿ?" ಟವೆಲ್ಲಿನ ಕೆಳಗೆ ನಡೆದದ್ದನ್ನು ಹೊರಗೆ ಹೇಳುವಂತಿಲ್ಲ. ನಾನು ಮುಗುಳ್ನಕ್ಕು, "ಮುಂದ ಗೊತ್ತಾಗ್ತೈತಿ" ಎನ್ನುತ್ತಿದ್ದೆ. ಮುಂದೆ ನನಗೂ ಏನೂ ಗೊತ್ತಾಗಲಿಲ್ಲ.

ಒಮ್ಮೆ ಮಾತ್ರ ಅದು ಓಡಿತು. ಹೆಂಡತಿ ನೀಲವ್ವನನ್ನು ಕೂರಿಸಿಕೊಂಡು ಕೂಡಲಸಂಗಮಕ್ಕೆ ಹೊರಟೆ. ಹಿಮದ ದೇಶದ ಗಾಡಿಯಾದ್ದರಿಂದ ಅದರೊಳಗೆ ಬಿಸಿಗಾಳಿ ಬರುವ ವ್ಯವಸ್ಥೆಯಿತ್ತು. ಅದನ್ನು ಬಂದ್ ಮಾಡುವ ಗುಂಡಿ ತಿರುಗುತ್ತಿರಲಿಲ್ಲ. ಎಪ್ರಿಲ್ ತಿಂಗಳು. ಹೊರಗೆ ನಮ್ಮ ಬಿಸಿಲು, ಒಳಗೆ ಅವರ ಬಿಸಿಗಾಳಿ, ನಡುವೆ ಎಂಜಿನ್. ನನ್ನ ಬಲಗಾಲು, ಅವಳ ಎಡಗಾಲು ಬದನೆಕಾಯಿಯಂತೆ ಸುಟ್ಟವು. ಸ್ಟೇರಿಂಗ್ ಎಡಗಡೆಗೆ ಇದ್ದದ್ದರಿಂದ, ನಮ್ಮಲ್ಲಿ ಡ್ರೈವರ್ ಕೂರುವ ಬಲಗಡೆಗೆ ನೀಲವ್ವ ಕೂತಿದ್ದಳು. ತಲೆಯ ಮೇಲೆ ಸೆರಗು ಹೊದ್ದು, ಮಡಿಲಲ್ಲಿ ಶೇಂಗಾ ಇಟ್ಟುಕೊಂಡು ಸುಲಿಯುತ್ತಿದ್ದಳು. ಎದುರಿಗೆ ಬಂದ ಲಾರಿಗಳೆಲ್ಲ, ಸ್ಟೇರಿಂಗ್ ಬಿಟ್ಟು ಶೇಂಗಾ ಸುಲಿಯುವ ಹೆಂಗಸನ್ನು ಕಂಡು ರಸ್ತೆ ಬಿಟ್ಟು ಹೊಲಕ್ಕೆ ಇಳಿದವು. ಹುನಗುಂದದ ಹತ್ತಿರ ಪೊಲೀಸಿನವನು ಕೈ ಅಡ್ಡ ಹಿಡಿದ. ಸೀದಾ ಅವಳ ಬಾಗಿಲಿಗೇ ಹೋಗಿ, "ಅಕ್ಕಾರ, ಲೈಸನ್ಸ್ ತೆಗೀರಿ" ಎಂದ.

"ನಾ ಬರೇ ಕುಂತೀನಪಾ. ಹೊಡ್ಯಾವರು ಅವರು."

ಪೊಲೀಸಿನವನು ಬಗ್ಗಿ ಆಚೆ ಬದಿಯಲ್ಲಿ ನನ್ನನ್ನು ನೋಡಿದ. "ಇದು ಯಾ ನಮೂನಿ ಗಾಡ್ರಿ?"

"ಅದನ್ನ ನಮ್ಮ ಮನ್ಯಾಗ ಹನ್ನೆರಡ ದಿನದಿಂದ ಕೇಳಾಕತ್ತೀನಿ," ಎಂದು ನೀಲವ್ವ ಅವನಿಗೊಂದು ಹಿಡಿ ಶೇಂಗಾ ಕೊಟ್ಟಳು. "ನಿಮಗ ಹೇಳಿದ್ರ ನನಗೂ ತಿಳಸ್ರಿ."

ಕಾಗದಪತ್ರ ನೋಡಿ ಬಿಟ್ಟ. ಹೇಳಬೇಕೆಂದರೆ, ಆ ಗಾಡಿಯಲ್ಲಿ ಸರಿಯಾಗಿದ್ದದ್ದು ಕಾಗದಪತ್ರವೊಂದೇ. ವಾಪಸು ಬರುವಾಗ ಊರ ಅಗಸಿ ಬಾಗಿಲ ಹತ್ತಿರ ಗಾಡಿ ಒಮ್ಮೆ ಸೀನಿ ನಿಂತಿತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದೆವು. ಒಳಗಿನ ಒಂದು ರಬ್ಬರ್ ಬಳೆ ಹರಿದಿದೆ ಎಂದ ಮಾಬುಸಾಬ. ಒಂದು ಬಳೆ! ಬಾಗಲಕೋಟೆಯಲ್ಲಿ ಹುಡುಕಿದೆ, ಹುಬ್ಬಳ್ಳಿಯಲ್ಲಿ ಹುಡುಕಿಸಿದೆ. ಲಾರಿಯ ಬಳೆ ಸಣ್ಣದು, ಟ್ರ್ಯಾಕ್ಟರಿನದು ದಪ್ಪದು. ಕೊನೆಗೆ ನೀಲವ್ವ ಇಲ್ಲದಾಗ ಅವಳ ಕುಕ್ಕರಿನ ಗ್ಯಾಸ್ಕೆಟ್ ತಂದು ಕತ್ತರಿಸಿ ಹಾಕಿದೆವು. ಗಾಡಿ ಓಣಿಯ ಕೊನೆಯವರೆಗೆ ಹೋಗಿ, ಮೂರು ಸೀಟಿ ಹೊಡೆದು ನಿಂತಿತು. ಆ ದಿನ ನಮ್ಮ ಮನೆಯಲ್ಲಿ ಬೇಳೆ ಬೇಯಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಸಂತೆಯ ದಿನ ನನ್ನ ಫೋನು ಸುಮ್ಮನಾಯಿತು. ಮೊದಮೊದಲು ನೆಟ್‌ವರ್ಕ್ ಇಲ್ಲ ಎಂದುಕೊಂಡೆ. ಮಾಸ್ತರರು ಮನೆಗೆ ಹಸು ಕೊಂಡು ತಂದರು, ನನ್ನನ್ನು ಕರೆಯದೆ. ಹಾಲಿನವನು ಬೈಕು ಕೊಂಡ, ನನ್ನನ್ನು ಕೇಳದೆ. "ಹೇಳಿದ್ರ ನಾನೂ ಬರ್ತಿದ್ನಲ್ಲೋ" ಎಂದರೆ ಅವನು ಬೇವಿನ ಗಿಡದ ಕಡೆಗೊಮ್ಮೆ ನೋಡಿ, "ನಿಮಗ್ಯಾಕ ತ್ರಾಸು ಅಂತ ಬಿಟ್ಟೆ ಅಣ್ಣಾರ" ಎಂದ. ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಬೈದಿರಲಿಲ್ಲ. ಬೇವಿನ ಗಿಡದ ಮನೆ ಎಂದು ಹೆಸರಾಗಿದ್ದ ನಮ್ಮ ಮನೆ "ಆ ಗಾಡಿ ನಿಂತ ಮನಿ" ಆಯಿತು. ನೀಲವ್ವ ಅದರ ಚಪ್ಪಟೆ ಮೇಲ್ಭಾಗದ ಮೇಲೆ ಸೀರೆ ಹಾಸಿ ಸಂಡಿಗೆ ಒಣಹಾಕತೊಡಗಿದಳು. "ಕೋಳಿ ಹತ್ತೂದಿಲ್ಲ, ಕೆಳಗಿಂದ ಕಾವೂ ಚೊಲೋ ಹತ್ತತೈತಿ," ಎಂಬುದು ಅವಳ ಅಭಿಪ್ರಾಯ. ಹನ್ನೊಂದು ತಿಂಗಳಲ್ಲಿ ಆ ಗಾಡಿಯ ಬಗ್ಗೆ ಕೇಳಿದ ಒಂದೇ ಒಂದು ಒಳ್ಳೆಯ ಮಾತು ಅದು.

ಮಾರಿಬಿಡಬೇಕು, ಮಾರಿದರೆ ಹೆಸರು ತಿರುಗಿ ಬರುತ್ತದೆ ಎಂದು ಹುನಗುಂದದ ದಲ್ಲಾಳಿ ಮಲ್ಲಪ್ಪನಿಗೆ ಹೇಳಿದೆ. ಅವನು ಬಂದು ಫೋಟೋ ಹೊಡೆದುಕೊಂಡ. "ಒಂದು ಮಾತು ಮಲ್ಲಪ್ಪ," ಎಂದೆ, "ಯಾರದು ಅಂತ ಯಾರಿಗೂ ಹೇಳಬ್ಯಾಡ. ಇಳಕಲ್ಲಿನ ಒಬ್ಬ ಸಾವಕಾರಂದು ಅನ್ನು, ಸಾಕು." ನನ್ನ ಹೆಸರು ಕೇಳಿ ಗಾಡಿಯ ದರ ಏರುತ್ತಿದ್ದ ಕಾಲ ಹೋಗಿ, ನನ್ನ ಹೆಸರು ಮುಚ್ಚಿಟ್ಟು ಗಾಡಿ ಮಾರುವ ಕಾಲ ಬಂದಿತ್ತು. ಮಲ್ಲಪ್ಪ ಪುಣ್ಯಾತ್ಮ, ಮಾತಿಗೆ ತಪ್ಪಲಿಲ್ಲ.

ಕಳೆದ ವಾರ ಗಿಡದ ಕೆಳಗೆ, ಗಾಡಿ ಹತ್ತುವ ಪಾವಟಿಗೆಯ ಮೇಲೆ ಕೂತಿದ್ದೆ. ಫೋನು ಬಂತು. ಬಾದಾಮಿಯ ಈರಣ್ಣ. ಅಲ್ಲಿ ಲಾಡ್ಜು ನಡೆಸುತ್ತಾನೆ. ಹಿಂದೆ ಅವನ ಲಾಡ್ಜಿನ ಜಾಗದ ದರ ಇಳಿಸಿಕೊಟ್ಟವನು ನಾನೇ.

"ಅಣ್ಣಾರ, ನಿಮ್ಮಿಂದ ಒಂದು ಕೆಲಸ ಆಗಬೇಕಿತ್ರಿ. ನಿಮ್ಮನ್ನ ಬಿಟ್ರ ಯಾರನ್ನೂ ನಂಬೂದಿಲ್ಲ ನಾ."

ಎಷ್ಟು ತಿಂಗಳಾಗಿತ್ತು ಈ ಮಾತು ಕೇಳಿ! ಏನು ಬೇಕಾದರೂ ಹೇಳು ಎಂದೆ.

"ಟೂರಿಸ್ಟರನ್ನ ಪಟ್ಟದಕಲ್ಲಿಗೆ ಕರಕೊಂಡು ಹೋಗಾಕ ಒಂದು ಚಂದನ್ನ ಗಾಡಿ ನೋಡೀನ್ರಿ. ಫಾರಿನ್ನಿಂದು. ಆರು ಗಾಲಿ ಅದಾವು. ನಿಮ್ಮೂರಾಗ ಐತಂತ, ಮಾಲಕನ ಹೆಸರು ಹೇಳವಲ್ಲರು. ಫೋಟೋ ಕಳಸೀನಿ. ನೋಡಿ ತೊಗೊಬೇಕೋ ಬ್ಯಾಡೋ ಹೇಳ್ರಿ. ನೀವು ಹ್ಞೂಂ ಅಂದ್ರ ನಾಳೇನ ಒಯ್ತೇನಿ."

ಫೋಟೋ ಬಂತು. ನಮ್ಮ ಬೇವಿನ ಗಿಡ, ನಮ್ಮ ಗೋಡೆ, ನಾನು ಕೂತಿದ್ದ ಪಾವಟಿಗೆ. ಹೊಸ್ತಿಲಲ್ಲಿ ನೀಲವ್ವ ನಿಂತು ಸ್ಪೀಕರಿನ ಮಾತನ್ನೆಲ್ಲ ಕೇಳುತ್ತಿದ್ದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. "ಹ್ಞೂಂ ಅನ್ರಿ" ಎಂದು ಅವಳ ಬಾಯಿ ಸದ್ದಿಲ್ಲದೆ ಆಡಿತು. ಹ್ಞೂಂ ಎನ್ನುವುದು ಒಂದು ಅಕ್ಷರದ ಕೆಲಸ. ಬಾಯಿ ತೆರೆದೆ. ದೇವರಾಣೆ, ಹ್ಞೂಂ ಎನ್ನಲೆಂದೇ ತೆರೆದೆ.

"ಈರಣ್ಣ, ಫೋಟೋ ದೊಡ್ಡದು ಮಾಡಿ ನೋಡು. ಮ್ಯಾಲ ಏನು ಕಾಣಸ್ತೈತಿ?"

"ಏನೋ ಬಿಳೀದು ಐತ್ರಿ. ಡಿಜೈನ್ ಏನ್ರಿ ಅದು?"

"ಸಂಡಗಿ. ಓಡು ಗಾಡಿ ಮ್ಯಾಲ ಯಾರರ ಸಂಡಗಿ ಒಣಾ ಹಾಕ್ತಾರೇನು?"

ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಹನ್ನೊಂದು ತಿಂಗಳು ಉಪವಾಸವಿದ್ದ ವಿದ್ಯೆ ಒಮ್ಮೆ ಎಲೆಯ ಮುಂದೆ ಕೂತರೆ ಏಳುತ್ತದೆಯೇ? ಗಾಲಿಯ ಸುತ್ತ ಹುಲ್ಲು ಬೆಳೆದದ್ದು ತೋರಿಸಿದೆ. ಸ್ಟೇರಿಂಗ್ ಯಾವ ಕಡೆ ಇದೆ ನೋಡು ಎಂದೆ. ಎಂಜಿನ್ ನಡುವೆ ಇರುತ್ತದೆ, ಟೂರಿಸ್ಟರು ಪಟ್ಟದಕಲ್ಲು ಮುಟ್ಟುವುದರೊಳಗೆ ಅರ್ಧ ಬೆಂದಿರುತ್ತಾರೆ ಎಂದೆ. ಒಂದು ರಬ್ಬರ್ ಬಳೆ ಹೋದರೆ ಹುಬ್ಬಳ್ಳಿಯಲ್ಲೂ ಸಿಗುವುದಿಲ್ಲ ಎಂದೆ. ಇಷ್ಟು ಸೊಗಸಾಗಿ, ಇಷ್ಟು ಪ್ರಾಮಾಣಿಕವಾಗಿ ನಾನು ಎಂದೂ ಯಾರ ಮಾಲನ್ನೂ ಬೀಳಿಸಿರಲಿಲ್ಲ. ನೀಲವ್ವ ಹೊಸ್ತಿಲ ಮೇಲೆ ಕುಸಿದು ಕೂತಳು.

"ಅಬ್ಬಾ, ಉಳಿಸಿದ್ರಿ ಅಣ್ಣಾರ," ಎಂದ ಈರಣ್ಣ. "ಫೋಟೋ ನೋಡೇ ಇಷ್ಟ ಹೇಳ್ತೀರಲ್ಲ, ಬ್ಯಾರೆ ಯಾರಿಗೆ ಬರ್ತೈತ್ರಿ ಇದು? ಅಲ್ಲರಿ, ಇದನ್ನ ರೊಕ್ಕಾ ಕೊಟ್ಟು ತೊಗೊಂಡಾವ ಎಂಥಾ ದಡ್ಡ ಇರಬೇಕು!"

"ದಡ್ಡ ಅಲ್ಲಪಾ," ಎಂದೆ, "ಭಾಳ ಶಾಣ್ಯಾ ಇರಬೇಕು. ದಡ್ಡಗ ಇಷ್ಟ ದೊಡ್ಡ ತಪ್ಪು ಮಾಡಾಕ ಧೈರ್ಯ ಬರೂದಿಲ್ಲ."

ಅವನು ಮನಸಾರೆ ನಕ್ಕ. ಕಂಡಕಂಡವರಿಗೆಲ್ಲ ನನ್ನ ಬಗ್ಗೆ ಹೇಳುತ್ತೇನೆ ಎಂದ. ಹೇಳಿದ್ದಾನೆ ಕೂಡ, ಈ ವಾರ ಎರಡು ಫೋನು ಬಂದಿವೆ, ಒಂದು ಎತ್ತಿಗೆ, ಒಂದು ಬೋರ್‌ವೆಲ್ಲಿಗೆ. ಹೆಸರು ತಿರುಗಿ ಬಂತಲ್ಲ ಎಂದು ಹಿಗ್ಗಬಹುದಿತ್ತು. ಆದರೆ ಫೋನು ಇಡುವ ಮುಂಚೆ ಅವನು ಇನ್ನೊಂದು ಮಾತು ಹೇಳಿದ್ದ: "ರವಿವಾರ ನಿಮ್ಮ ಮನಿಗೇ ಬರ್ತೇನ್ರಿ, ಅಮೀನಗಡದ ಕರದಂಟು ತೊಗೊಂಡು. ಮನಿ ಎಲ್ಲಿ ಅಂತ ಊರಾಗ ಯಾರನ್ನರ ಕೇಳ್ತೇನಿ ಬಿಡ್ರಿ, ನಿಮ್ಮನ್ನ ಯಾರು ಅರಿಯರು?"

ಅರಿಯದವರು ಯಾರೂ ಇಲ್ಲ. ಅಗಸಿಯಲ್ಲಿ ಮೊದಲು ಸಿಕ್ಕವನೇ ಹೇಳುತ್ತಾನೆ, ಆ ಗಾಡಿ ನಿಂತ ಮನಿ ಎಂದು. ಇಂದು ಶುಕ್ರವಾರ. ಮಾಬುಸಾಬ ಬೆಳಗಿನಿಂದ ಗಾಡಿಯ ಕೆಳಗೆ ಮಲಗಿದ್ದಾನೆ. ಕೆಲಸ ಮಾಡುತ್ತಿದ್ದಾನೋ, ನೆರಳಿಗೆ ಮಲಗಿದ್ದಾನೋ ಕೇಳುವ ಧೈರ್ಯ ನನಗಿಲ್ಲ. ನೀಲವ್ವ ಹೊಸ ಕುಕ್ಕರನ್ನು ಕಬ್ಬಿಣದ ಟ್ರೆಜರಿ ಕಪಾಟಿನಲ್ಲಿಟ್ಟು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ಇದನ್ನು ಓದಿದವರಲ್ಲಿ ಯಾರಿಗಾದರೂ ಆರು ಗಾಲಿಯ, ಕಾಗದಪತ್ರ ಸರಿಯಿರುವ, ಮೇಲೆ ಸಂಡಿಗೆ ಚೆನ್ನಾಗಿ ಒಣಗುವ ಗಾಡಿ ಬೇಕಿದ್ದರೆ ರವಿವಾರದೊಳಗೆ ಬಂದು ಎಳೆದುಕೊಂಡು ಹೋಗಿ. ದರಕ್ಕೆ ನಾನು ಅಡ್ಡ ಬರುವುದಿಲ್ಲ. ಒಂದೇ ಒಂದು ವಿನಂತಿ, ಕೈ ಮುಗಿದು ಕೇಳುತ್ತೇನೆ: ಗಾಡಿ ಹೇಗಿದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತೇನೆ.