ಫೋಟೊದಲ್ಲಿ ವಾಲಿದ ಮನೆ

ಮದುವೆ ಫೋಟೊ ತೆಗೆಯುವವನಿಗೆ ಮನೆಯ ಫೋಟೊ ಏನು ಮಹಾ ಎಂಬ ಜಂಬ ನನಗಿತ್ತು. ಮದುಮಗಳು ಕಣ್ಣು ಮುಚ್ಚುತ್ತಾಳೆ, ಮದುಮಗ ಬೆವರುತ್ತಾನೆ. ಮನೆ ಪಾಪ, ನಿಂತಲ್ಲೇ ನಿಂತಿರುತ್ತದೆ. ಆ ಜಂಬ ಇಳಿಸಿದ್ದು ಗೊರೇಬಾಳದ ರುದ್ರಗೌಡರ ಹೊಸ ಮಾಳಿಗೆ ಮನೆ. ಎದುರಿಗೆ ಭತ್ತದ ಗದ್ದೆ, ಹಿಂದೆ ಸರಿದರೆ ಮೊಣಕಾಲುದ್ದ ಕೆಸರು. ನಿಂತಲ್ಲೇ ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿ ಕ್ಲಿಕ್ಕಿಸಿ ಸಿಂಧನೂರಿನ ನನ್ನ ಸ್ಟುಡಿಯೊಕ್ಕೆ ಬಂದೆ. ಫಿಲ್ಮ್ ತೊಳೆದು ನೋಡಿದರೆ ಇಡೀ ಮನೆ ಹೋಳಿಗೆ ಊಟ ಜಾಸ್ತಿಯಾದವರಂತೆ ಹಿಂದಕ್ಕೆ ಒರಗಿದೆ!

ಯಾರು ಗಮನಿಸುತ್ತಾರೆ ಎಂದು ಹಾಗೇ ಕಳಿಸಿಕೊಟ್ಟೆ. ಗೌಡರು ಆ ಫೋಟೊ ಹಿಡಿದು ಸ್ಟುಡಿಯೊಕ್ಕೇ ಬಂದರು. ಹಿಂದೆ, ಮನೆ ಕಟ್ಟಿದ ಮೇಸ್ತ್ರಿ ಹನುಮಂತಪ್ಪ, ಮುಖ ಸಣ್ಣದು ಮಾಡಿಕೊಂಡು.

“ಮನಿ ಹಿಂದಕ ಬೀಳಾಕತ್ತೈತಿ ನೋಡ್ರಿ. ಇಂವಗ ಇನ್ನ ನಮ್ಮ ರೈಸ್ ಮಿಲ್ಲು ಕಟ್ಟೂ ಕೆಲಸ ಕೊಡಂಗಿಲ್ಲ.”

“ತೂಗುಗುಂಡು ಬಿಟ್ಟು ತೋರ್ಸೀನಲ್ರೀ ಗೌಡ್ರ, ಕೂದಲೆಳಿ ಫರಕ್ ಇಲ್ಲ” ಎಂದು ಮೇಸ್ತ್ರಿ ಅಂಗಲಾಚಿದ.

“ದಾರ ಹಿಡಿದಾಂವ ನೀನ ಅಲ್ಲೇನಲೇ? ಫೋಟೊ ಸುಳ್ಳ ಹೇಳತೈತೇನು?”

ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಇದ್ದದ್ದು ಇದ್ದಂತೆ’ ಎಂದು ಬರೆಸಿದ ಮಹಾನುಭಾವ ನಾನೇ. ಓರೆ ಹಿಡಿದ ಕ್ಯಾಮೆರಾದ ಆಟ ಇದು, ಒಂದು ವಾರ ತಡೆಯಿರಿ ಎಂದು ಗೌಡರ ಕೈಕಾಲು ಹಿಡಿದು ಹೈದರಾಬಾದ್ ಬಸ್ಸು ಹತ್ತಿದೆ.

ಅಲ್ಲಿನ ಅಂಗಡಿಯವನು ಮೂರು ಲೆನ್ಸ್ ಮುಂದಿಟ್ಟ. ಮೊದಲನೆಯದು ಸಾದಾ ವೈಡ್ ಆ್ಯಂಗಲ್. ಮನೆಯ ಅಗಲವೆಲ್ಲ ಹಿಡಿಸುತ್ತದೆ, ಆದರೆ ಮಾಳಿಗೆ ಬೇಕೆಂದರೆ ಮತ್ತೆ ಕ್ಯಾಮೆರಾ ವಾಲಿಸಬೇಕು. ಉಳಿದೆರಡು ಶಿಫ್ಟ್ ಲೆನ್ಸ್: ಕ್ಯಾಮೆರಾ ನೆಟ್ಟಗಿಟ್ಟು ತಿರುಪು ತಿರುಗಿಸಿದರೆ ಲೆನ್ಸಷ್ಟೇ ಮೇಲಕ್ಕೆ ಸರಿಯುತ್ತದೆ, ಗೋಡೆ ನೆಟ್ಟಗೇ ಉಳಿಯುತ್ತದೆ. ಮೂವತ್ತೈದು ಎಂಎಂನದು ಮನಸ್ಸಿಗೆ ಹಿಡಿಸಿತು. ಆದರೆ ಅದಕ್ಕೆ ಇನ್ನಷ್ಟು ಹಿಂದೆ ಸರಿಯಬೇಕು. ಕೆಸರು ನೆನಪಾಗಿ, ಹತ್ತಿರದಿಂದಲೇ ಇಡೀ ಮನೆ ಹಿಡಿಯುವ ಇಪ್ಪತ್ತೆಂಟರದ್ದನ್ನೇ ತಂದೆ. ತಿರುಪು ತಿರುಗಿಸಿ ಹೆಂಡತಿಗೆ ತೋರಿಸಿದೆ. “ಹೊಸಾದು ಅಂತೀರಿ, ಮೂತಿ ಸೊಟ್ಟ ಐತಲ್ರೀ! ವಾಪಸ್ ಕೊಟ್ಟ ಬರ್ರಿ” ಎಂದಳು.

ಹೊಸ ಲೆನ್ಸಿನಲ್ಲಿ ತೆಗೆದ ಎರಡನೆಯ ಫೋಟೊ ನೋಡಲು ಮೇಸ್ತ್ರಿಯೊಡನೆ ಸ್ಟುಡಿಯೊಕ್ಕೆ ಬಂದ ಗೌಡರು ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಗೋಡೆಯ ಅಂಚಿನುದ್ದಕ್ಕೂ ಬೆರಳು ಎಳೆದರು.

“ಬರೊಬ್ಬರಿ ಐತಿ ಬಿಡ್ರಿ. ಹನುಮಂತಾ, ನಾಳಿಂದ ಮಿಲ್ಲಿಗೆ ಆಳು ಕಳಸು.”

ಅಬ್ಬಾ! ಗಿರಾಕಿಗಳ ಕುರ್ಚಿಯಲ್ಲೇ ಕುಸಿದು ಕೂತೆ. ಒಬ್ಬನ ಅನ್ನಕ್ಕೆ ಕಲ್ಲು ಹಾಕಿದ ಪಾಪ ತಪ್ಪಿತಲ್ಲ ಎಂದು ಕಣ್ಣಲ್ಲಿ ನೀರೇ ಬಂತು. ಮೇಸ್ತ್ರಿ ನನ್ನ ಎರಡೂ ಕೈ ಹಿಡಿದುಕೊಂಡ. ಆ ಸಂತೋಷದಲ್ಲಿ ಸ್ಟುಡಿಯೊದ ಮೇಲೊಂದು ಕೋಣೆ ಕಟ್ಟುವ ಕೆಲಸವನ್ನೂ ಅವನಿಗೇ ಒಪ್ಪಿಸಿಬಿಟ್ಟೆ.

ಮರುವಾರ ಮೇಸ್ತ್ರಿ ಒಬ್ಬನೇ ಬಂದು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ.

“ಸಾಹೇಬ್ರ, ಮಸ್ಕಿ ಊರಾಗ ಒಂದು ಮನಿ ಕಟ್ಟೀನ್ರಿ. ಅದರ ಗ್ವಾಡಿ ಖರೇನ ವಾಲ್ಯಾದ. ಮಾಲಕರು ನೋಡೂದ್ರಾಗ ನಿಮ್ಮ ಆ ಸೊಟ್ಟ ಮೂತಿ ಲೆನ್ಸ್ ಹಚ್ಚಿ ಒಂದು ಫೋಟೊ ತಗದು ಕೊಡ್ರಿ.”

“ಗೋಡೆ ನೋಡಿದರೆ ಗೊತ್ತಾಗಲ್ಲವೇನೋ?”

“ಗ್ವಾಡಿ ಯಾರು ನೋಡ್ತಾರ್ರೀ? ಎಲ್ಲಾರೂ ಫೋಟೊನ ನೋಡ್ತಾರ!”

ನಗಬೇಕೆಂದು ಬಾಯಿ ತೆರೆದೆ. ತಲೆಯ ಮೇಲೆ ಅವನ ಆಳುಗಳು ನನ್ನ ಕೋಣೆಗೆ ಇಟ್ಟಿಗೆ ಇಳಿಸುತ್ತಿದ್ದ ಸದ್ದು ಕೇಳಿ, ಹಾಗೇ ಮುಚ್ಚಿದೆ.