ರಗ್ಬಿ ತಂಡದ ವಕಾಲತ್ತು

ಎಲ್ಲೋ ಕಡಲಾಚೆಯ ರಗ್ಬಿ ತಂಡವೊಂದು ಉಳಿಯುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಊಟ ಅರ್ಧಕ್ಕೆ ಬಿಟ್ಟು ಏಳುವ ಮನುಷ್ಯ ನಮ್ಮ ಸಾಗರ ಪೇಟೆಯಲ್ಲಿ ಒಬ್ಬರೇ ಇದ್ದಾರೆ, ಅವರು ನನ್ನ ಭಾವ! ಆ ಆಟದ ಚೆಂಡು ಯಾವ ಆಕಾರದ್ದೆಂಬುದು ಅವರಿಗೆ ಬಹಳ ದಿನ ತಿಳಿದಿರಲಿಲ್ಲ ಎಂಬುದನ್ನೂ ಇಲ್ಲಿಯೇ ದಾಖಲಿಸುತ್ತೇನೆ. ಏಕೆಂದರೆ ನನ್ನ ಅಜ್ಞಾನವನ್ನು ನಾಲ್ಕು ಜನರೆದುರು ದಾಖಲಿಸುವ ಅವಕಾಶವನ್ನು ಅವರು ಎಂದೂ ಕಳೆದುಕೊಂಡವರಲ್ಲ. ಕೋಣಂದೂರಿನ ಒಂದು ಗೃಹಪ್ರವೇಶದಲ್ಲಿ, "ಇವ್ನು ನನ್ನ ಹೆಂಡ್ತಿ ತಮ್ಮ. ಗಣಿತದ ಮೇಷ್ಟ್ರು, ಆದ್ರೂ ಒಳ್ಳೇವ್ನು" ಎಂದು ನನ್ನನ್ನು ಪರಿಚಯಿಸಿದ್ದರು. ಆ 'ಆದ್ರೂ' ನನಗೆ ಇಂದಿಗೂ ನೆನಪಿದೆ. ಮರೆಯುವ ಉದ್ದೇಶವೂ ಇಲ್ಲ.

ಭಾವ ಸಾಗರದ ಕೋರ್ಟಿನಲ್ಲಿ ಜೀವಮಾನವಿಡೀ ವಕೀಲಿ ಮಾಡಿ ನಿವೃತ್ತರಾದವರು. ಉಳಿದ ಹಿರಿಯರು ಮೊಬೈಲಿನಲ್ಲಿ ಶುಭೋದಯದ ಹೂವುಗಳನ್ನು ಕಳುಹಿಸುತ್ತಿರುವಾಗ, ಇವರು ದೇಶವಿದೇಶಗಳ ವ್ಯಾಜ್ಯಗಳನ್ನು ಹುಡುಕಿ ಓದುತ್ತಾರೆ. ಹಾಗೆ ಓದುವಾಗ ಸಿಕ್ಕಿದ್ದು ಈ ತಂಡ. ಆಡಳಿತ ಸರಿಯಿಲ್ಲವೆಂಬ ಕಾರಣ ಕೊಟ್ಟು ರಗ್ಬಿ ಮಂಡಳಿಯು ತಂಡದ ಪರವಾನಗಿಯನ್ನೇ ಹಿಂತೆಗೆದುಕೊಂಡಿತ್ತು. ತಂಡದವರು ಕೋರ್ಟಿಗೆ ಹೋಗಿದ್ದರು. ಕೋರ್ಟು ಕೈಬಿಟ್ಟರೆ ತಂಡವಿಲ್ಲ, ಆಟಗಾರರು ದಿಕ್ಕಿಗೊಬ್ಬರು.

ಒಂದು ಭಾನುವಾರ, ನಾನು ಹೊಸನಗರದಿಂದ ಬಸ್ಸಿನಲ್ಲಿ ಬಂದು ಚಪ್ಪಲಿ ಬಿಡುವ ಮೊದಲೇ ಅಪ್ಪಣೆಯಾಯಿತು.

"ನೋಡು ಮಾರಾಯ, ನಾನು ತಂಡದ ಪರ. ನೀನು ಮಂಡಳಿ ಪರ. ಎದುರು ವಕೀಲ ಇಲ್ದೆ ನಂಗೆ ವಾದ ಹೊಳೆಯಲ್ಲ."

"ಭಾವ, ನನಗೆ ರಗ್ಬಿಯ ಗಂಧಗಾಳಿಯೂ ಇಲ್ಲ."

"ಮಂಡಳಿಯವ್ರಿಗೂ ಇಲ್ಲ. ಅದಕ್ಕೇ ನೀನು ಸರಿಯಾದ ಜನ."

ಇದು ಎರಡನೆಯ ಅವಮಾನ. ನ್ಯಾಯಾಧೀಶರ ಸ್ಥಾನ ಅಕ್ಕನಿಗೆ. ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ಕುಳಿತು, ಹುರುಳಿಕಾಯಿಯ ನಾರು ತೆಗೆಯುತ್ತಾ ಆಕೆ ವಾದ ಆಲಿಸುವಳು. ಭಾವ ಪಂಚೆಯ ಮೇಲೆ ಹಳೆಯ ಕಪ್ಪು ಕೋಟು ತೊಟ್ಟು ನಿಲ್ಲುವರು. ಕೆಳಗೆ ಪಂಚೆ, ಮೇಲೆ ಕೋಟು, ನಡುವೆ ಅಂತರರಾಷ್ಟ್ರೀಯ ಕಾನೂನು! ಕುಕ್ಕರ್ ಕೂಗಿತೆಂದರೆ ಕಲಾಪ ಮುಂದಕ್ಕೆ.

ಮೊದಲ ದಿನವೇ ನಾನು ಮೊಬೈಲಿನಲ್ಲಿ ಆ ಆಟ ತೆಗೆದು ತೋರಿಸಿದೆ. ಭಾವ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು.

"ಇದು ನಮ್ಮ ಕಬಡ್ಡಿ ಕಣೋ. ಉಸಿರು ಹಿಡಿಯೋ ಬದ್ಲು ಚೆಂಡು ಹಿಡ್ಕೊಂಡಿದಾರೆ."

"ಆ ಚೆಂಡು ಸುಲಿಯದ ತೆಂಗಿನಕಾಯಿಯ ಹಾಗಿದೆಯಲ್ಲ ಭಾವ? ನಿಮಗೆ ಗೊತ್ತಿತ್ತೇ?"

"ಚೆಂಡಿನ ಆಕಾರ ದಾವೆಯ ವಿಷಯ ಅಲ್ಲ" ಎಂದು ಆಕ್ಷೇಪಣೆ ಎತ್ತಿದರು. ಅಕ್ಕ ಎತ್ತಿ ಹಿಡಿದಳು. ಗಂಡನ ಪರವಾಗಿ ತೀರ್ಪು ಕೊಡುವ ನ್ಯಾಯಾಲಯ ಬೇರೆ ಎಲ್ಲಿಯಾದರೂ ಇದೆಯೇ?

ಕಾಫಿಯ ಪ್ರಕರಣ ಇದಕ್ಕಿಂತ ಘೋರವಾದದ್ದು. ನಮ್ಮ ಕಡೆ ವ್ಯಾಜ್ಯ ನಡೆಯುತ್ತಿರುವ ಮನೆಗಳವರು ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರನ್ನೂ ಮುಟ್ಟುವುದಿಲ್ಲ. ತೀರ್ಪು ಬಂದ ಮೇಲೆಯೇ ಲೋಟ ಹಿಡಿಯುವುದು. ಅಕ್ಕ ನನ್ನ ಮುಂದೆ ಲೋಟ ಇಟ್ಟಾಗ ಭಾವ ಅದನ್ನು ಮೆಲ್ಲಗೆ ತಮ್ಮತ್ತ ಎಳೆದುಕೊಂಡರು.

"ದಾವೆ ನಡೀತಿದೆ. ಎದುರುಕಕ್ಷಿಯವ್ರು ನಮ್ಮನೇಲಿ ಕಾಫಿ ಕುಡಿಯೋ ಹಂಗಿಲ್ಲ."

"ಹೌದಾ? ಗೇಟಿಂದಾಚೆ ನಿಮ್ದಲ್ಲ ಅಲ್ದಾ?" ಎಂದಳು ಅಕ್ಕ. "ಬಾರೋ ತಮ್ಮ, ಅಲ್ಲೇ ಕೊಡ್ತೀನಿ."

ಹೀಗೆ, ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ರೇಖಾಗಣಿತ ಕಲಿಸಿದ ನಾನು ಸ್ವಂತ ಅಕ್ಕನ ಮನೆಯ ಮುಂದಿನ ರಸ್ತೆಯಲ್ಲಿ ನಿಂತು ಕಾಫಿ ಕುಡಿದೆ. ಸಂತೆಗೆ ಹೊರಟ ಪರಿಚಯಸ್ಥರೊಬ್ಬರು ನಿಂತರು. "ಎಂಥ ಮೇಷ್ಟ್ರೇ, ಒಳಗೆ ಕರೀಲಿಲ್ವಾ?" ನಾನು ರಗ್ಬಿ ಮಂಡಳಿಯ ವಕೀಲ, ಆದ್ದರಿಂದ ಇಲ್ಲಿದ್ದೇನೆ ಎಂದು ಹೇಳುವುದು ಸಾಧ್ಯವೇ? "ಬಿಸಿಲು ಕಾಯಿಸ್ತಿದೀನಿ" ಎಂದೆ. ಆಗ ತುಂತುರು ಮಳೆ ಬೀಳುತ್ತಿತ್ತು.

ತೀರ್ಪು ಹತ್ತಿರವಾದಂತೆ ಭಾವನಿಗೆ ಮನುಷ್ಯರ ಮೇಲಿನ ನಂಬಿಕೆ ಕುಗ್ಗಿತು. ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ಹೊರಡಿಸಿಕೊಂಡು ಕೆಳದಿಯ ದೇವಸ್ಥಾನಕ್ಕೆ ಹೋದರು. ತಂಡದ ಹೆಸರಿನಲ್ಲಿ ಅರ್ಚನೆ!

"ನಕ್ಷತ್ರ?" ಎಂದರು ಅರ್ಚಕರು.

"ಕೋರ್ಟಿಗೆ ಅರ್ಜಿ ಹಾಕಿದ ದಿನದ್ದು ಹೇಳ್ಲಾ ಭಟ್ರೇ?"

ಭಟ್ಟರು ಒಂದು ಕ್ಷಣ ಗರ್ಭಗುಡಿಯತ್ತ ನೋಡಿದರು. "ಹೇಳಿ. ಗೋತ್ರ?"

"ಗೊತ್ತಿಲ್ಲ. ಹೊರದೇಶದವ್ರು."

"ಗೋತ್ರ ಗೊತ್ತಿಲ್ಲದೋರಿಗೆಲ್ಲ ಕಾಶ್ಯಪ" ಎಂದು ಭಟ್ಟರು ನಿರಾಳವಾಗಿ ಹೂವೆತ್ತಿಕೊಂಡರು. ಆ ಕ್ಷಣದಿಂದ ಆ ದಾಂಡಿಗರೆಲ್ಲ ಕಾಶ್ಯಪ ಗೋತ್ರದವರಾದರು. ಪಕ್ಕದಲ್ಲೇ ಕೈಮುಗಿದು ನಿಂತಿದ್ದ ನನ್ನ ಹೆಸರಿನಲ್ಲಿ? ಇಲ್ಲ. ಅಕ್ಕ ಜ್ಞಾಪಿಸಿದಾಗ ಭಾವ, "ಎದುರುಕಕ್ಷಿಗೆ ಬಲ ಬರ್ಲಿ ಅಂತ ನಾನೇ ಅರ್ಚನೆ ಮಾಡಿಸ್ಲಾ?" ಎಂದರು.

ಅಂದಿನಿಂದ ನಾನೂ ಪಟ್ಟು ಹಿಡಿದೆ. ಆ ಮೊಕದ್ದಮೆಯ ಸುದ್ದಿಗಳನ್ನೆಲ್ಲ ಒಂದಕ್ಷರ ಬಿಡದೆ ಓದಿದೆ. ಪರವಾನಗಿ ಕೊಟ್ಟವರಿಗೆ ಹಿಂತೆಗೆದುಕೊಳ್ಳುವ ಹಕ್ಕೂ ಕರಾರಿನಲ್ಲಿಯೇ ಇದೆ ಎಂದು, ಪ್ರಮೇಯ ಸಾಧಿಸುವ ಹಾಗೆ ಹಂತಹಂತವಾಗಿ ಸಾಧಿಸಿದೆ. ಭಾವ, "ತಂಡದವ್ರ ಮಾತು ಕೇಳ್ದೆ ಬಾಗಿಲು ಮುಚ್ಚೋದು ಯಾವ ನ್ಯಾಯ?" ಎಂದು ಕೇಳಿದರೆ, "ಸಹಿ ಹಾಕುವಾಗ ಕಣ್ಣು ಮುಚ್ಚಿಕೊಂಡಿದ್ದರೇ?" ಎಂದೆ. ಅವರು ಮೊದಲ ಬಾರಿಗೆ ತಡವರಿಸಿದರು. ನನ್ನ ಜೀವನದ ಶ್ರೇಷ್ಠ ಭಾನುವಾರಗಳಲ್ಲಿ ಅದೂ ಒಂದು!

ತೀರ್ಪು ಬಂತು. ಕೋರ್ಟು ಮಂಡಳಿಯ ಪರವಾಗಿ ನಿಂತಿತು. ನಾನು ಗೆದ್ದಿದ್ದೆ! ಹೊಸನಗರದ ಮೊದಲ ಬಸ್ಸು ಹಿಡಿದೆ. ದಾರಿಯುದ್ದಕ್ಕೂ, ಭಾವನ ಮುಖಕ್ಕೆ ಹೇಳಬೇಕಾದ ಮಾತುಗಳನ್ನು ಹಳೆಯ ಬಾಕಿಯೆಲ್ಲ ತೀರುವ ಹಾಗೆ ಜೋಡಿಸಿಕೊಂಡೆ.

ಭಾವ ಜಗಲಿಯಲ್ಲಿ ಬರಿಯ ಬನಿಯನ್ನಿನಲ್ಲಿ ಕುಳಿತಿದ್ದರು. ನನ್ನನ್ನು ನೋಡಿ ಕೇಳಿದರು.

"ಆ ಹುಡುಗ್ರು ಇನ್ನು ಎಂಥ ಮಾಡ್ತಾರೆ ಮಾರಾಯ?"

"ಬೇರೆ ತಂಡದವರು ಕರೆದುಕೊಳ್ಳುತ್ತಾರೆ ಭಾವ."

"ನಮ್ಮಣ್ಣನ್ನೂ ಕರ್ದಿದ್ರು."

ಭಾವನಿಗೆ ಅಣ್ಣನೊಬ್ಬ ಇದ್ದ, ತೀರಿಹೋದ ಎಂಬುದಷ್ಟೇ ನನಗೆ ಗೊತ್ತಿತ್ತು. ಅವರೇ ಮುಂದುವರಿಸಿದರು.

"ಲಿಂಗನಮಕ್ಕಿ ಡ್ಯಾಮಿನ ನೀರು ಬಂದಾಗ ನಮ್ಮೂರು ಮುಳುಗ್ತಲ್ಲ. ಮನೆಗೆ ಪರಿಹಾರ ಬಂತು, ಹಲಸಿನ ಮರಕ್ಕೂ ಬಂತು. ಊರಲ್ಲೊಂದು ಕಬಡ್ಡಿ ತಂಡ ಇತ್ತು, ಅದನ್ನ ಯಾರೂ ಕೇಳ್ಲಿಲ್ಲ. ಇಬ್ರು ತೀರ್ಥಹಳ್ಳಿ ಕಡೆ, ಮೂರು ಜನ ಹೊಸನಗರ ಕಡೆ, ಉಳ್ದೋರು ಇನ್ನೆಲ್ಲೋ. ಹೊಸ ಊರಲ್ಲಿ ಆಟಕ್ಕೆ ಕರೆದ್ರು. ಅಣ್ಣ ಗೆರೆ ತನಕ ಹೋಗಿ ನಿಂತ. ಎಲ್ರೂ ಕೈಗೆ ಕೈ ಕೊಟ್ಟು ಸರಪಳಿ ಕಟ್ತಿದ್ರು. ಅವನ ಎಡಗೈ ಹಿಡಿಯೋನು ಹೊಸನಗರದ ಕಡೆ ಹೋಗ್ಬಿಟ್ಟಿದ್ದ. ಬೇರೆಯೋನು ಕೈ ಚಾಚಿದ. ಅಣ್ಣ ಕೊಡ್ಲಿಲ್ಲ, ತಿರುಗಿ ಬಂದ. ಆಮೇಲೆ ಆಡ್ಲೇ ಇಲ್ಲ. ನಾನು ಸಣ್ಣವ್ನು, ಜೊತೆಗೇ ಇದ್ದೆ. ಎಂಥ ಹೇಳೋದು ಅಂತ ಗೊತ್ತಾಗ್ಲಿಲ್ಲ. ವಾದ ಮಾಡೋದು ಕಲ್ತಿದ್ದೇ ಆಮೇಲೆ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿದ ಆಕೆಗೂ ಈ ಸಂಗತಿ ಹೊಸದೆಂದು ಮುಖ ನೋಡಿಯೇ ತಿಳಿಯಿತು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಅಲ್ಲಿಯೇ ಕೈಬಿಟ್ಟೆ. ಭಾವನ ಎದುರಿಗಿದ್ದ ಕುರ್ಚಿಯನ್ನು ಎತ್ತಿದೆ.

"ಹೊರಟ್ಯಾ?" ಎಂದರು ಭಾವ.

"ಇಲ್ಲ. ಅಪೀಲು ಹಾಕಬೇಕು. ತಂಡ ಮುಂದಿನ ವರ್ಷವೂ ಇರುತ್ತದೆ ಎಂದು ಮಂಡಳಿಯವರೇ ಆಟಗಾರರಿಗೆ ಮಾತು ಕೊಟ್ಟಿದ್ದರು. ಮಂಡಳಿಯ ಪರ ನಾನು ಹೂಡಿದ ವಾದದಲ್ಲಿ ಅದೊಂದು ದೊಡ್ಡ ತೂತು ಭಾವ. ನೀವು ನೋಡಲಿಲ್ಲ, ನಾನು ತೋರಿಸಲಿಲ್ಲ."

ಭಾವ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. "ಮೊದ್ಲೇ ಹೇಳೋಕೆ ಎಂಥ ಆಗಿತ್ತು ನಿಂಗೆ?"

ನಾನು ಕುರ್ಚಿಯನ್ನು ಅವರ ಎಡಗಡೆಗೆ ಹಾಕಿಕೊಂಡು ಕುಳಿತೆ.