ಅನಂತರಾಜು ಮನೆದೇವರನ್ನು ಹುಡುಕಿದ್ದು

ಮಗಳ ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನವೇ ಕೋಗಿಲಿನ ಅನಂತರಾಜುವಿಗೆ ತನ್ನ ಮನೆದೇವರು ಎಲ್ಲಿದ್ದಾನೆಂದು ತನಗೆ ಗೊತ್ತಿಲ್ಲ ಅನ್ನುವುದು ಗೊತ್ತಾಯಿತು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳಿದವನು ಬೀಗನಾಗಲಿದ್ದ ಬಾಗಲಗುಂಟೆಯ ಬ್ಯಾಟರಾಯಪ್ಪ. ಪತ್ರಿಕೆಯ ಕಟ್ಟು ಬಿಚ್ಚಿ, ಒಂದನ್ನು ಬೆಳಕಿಗೆ ಹಿಡಿದು, ಕಾಗದದ ದಪ್ಪ ಮೆಚ್ಚಿಕೊಂಡ ಮೇಲೆ ಸುಮ್ಮನೆ ಕಾಫಿ ಕುಡಿಯಬಾರದಿತ್ತೇ ಆ ಮನುಷ್ಯ?

“ಮೊದಲ್ನೇ ಪತ್ರಿಕೆ ಮನೆದೇವ್ರ ಮುಂದೆ ಇಡ್ಬೇಕಲ್ಲಾ ಬೀಗ್ರೇ. ನಮ್ ಗುಡಿ ಮನೆ ಪಕ್ಕದಲ್ಲೇ ಐತೆ, ನಮ್ ಕಡೆ ಪತ್ರಿಕೆ ಇಟ್ಟಾಯ್ತು. ನೀವ್ ಯಾವತ್ತು ವೊಂಟಿದೀರಾ? ನಾವೂ ಬತ್ತೀವಿ.”

“ನಿಮಗ್ಯಾಕೆ ತೊಂದ್ರೆ, ನಾವೇ ಹೋಗಿ...”

“ತೊಂದ್ರೆ ಏನ್ ಬಂತು? ಮನೆದೇವ್ರನ್ನ ಮರೆತ ಮನೆಯಿಂದ ನಾವು ಎಣ್ಣು ತರಲ್ಲ ಕಣ್ರೀ. ನಿಮ್ ದೇವ್ರಿಗೂ ಒಂದ್ಸಲ ಕೈ ಮುಗಿಯಾನ.”

ಅನಂತರಾಜುವಿನ ನಾಲಗೆ ತಾನಾಗಿಯೇ “ಭಾನುವಾರ” ಅಂದುಬಿಟ್ಟಿತು. ಇನ್ನೇನು ಹೇಳಿಯಾನು ಪಾಪ? ಮಗಳು ಆಶಾರಾಣಿ ಬಂದ ಗಂಡುಗಳನ್ನೆಲ್ಲ ಒಬ್ಬನ ಮೀಸೆ ಸರಿಯಿಲ್ಲ, ಇನ್ನೊಬ್ಬನ ನಗು ಸರಿಯಿಲ್ಲ ಎಂದು ವಾಪಸ್ಸು ಕಳಿಸಿ, ಕೊನೆಗೆ ಬ್ಯಾಟರಾಯಪ್ಪನ ಮಗ ಗೋಪಿಯನ್ನು ಕಂಡು “ಇವನಾದ್ರೆ ಸರಿ” ಅಂದಿದ್ದಳು. ಈ ಸಂಬಂಧ ತಪ್ಪಿದರೆ ಗಂಡನನ್ನು ಮನೆಯೊಳಗೆ ಸೇರಿಸುವುದಿಲ್ಲ ಎಂದು ಹೆಂಡತಿ ನಾಗಲಕ್ಷ್ಮಿ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮನೆದೇವರು ಇದ್ದದ್ದಂತೂ ನಿಜ. ಚಿಕ್ಕವನಿದ್ದಾಗ ಅಪ್ಪನ ಹೆಗಲೇರಿ ಹೋದದ್ದು ಮಸುಕುಮಸುಕಾಗಿ ನೆನಪಿತ್ತು. ಹೊಲದಂಚಿಗೆ ನಿಲ್ಲಿಸಿದ ಕಲ್ಲುಚಪ್ಪಡಿಗಳು, ಮೇಲೆ ಹೊದಿಸಿದ ಇನ್ನೊಂದು ಚಪ್ಪಡಿ, ಒಳಗೆ ಕತ್ತಲು. ಅಲ್ಲಿ ಕೊಯ್ದ ಕೋಳಿಯ ಸಾರಿನ ರುಚಿ ಮಾತ್ರ ಚೆನ್ನಾಗಿಯೇ ನೆನಪಿತ್ತು. ಆಮೇಲೆ ಅಪ್ಪ ಹೊಲ ಮಾರಿದ, ಹೊಲ ಲೇಔಟಾಯಿತು, ಲೇಔಟಿನ ಮೇಲೆ ಅಪಾರ್ಟ್‌ಮೆಂಟು ಎದ್ದಿತು. ಮರುದಿನ ಬೆಳಿಗ್ಗೆ ಅನಂತರಾಜು ಅದರ ಗೇಟಿನ ಮುಂದೆ ನಿಂತ.

“ಯಾರನ್ನ ನೋಡ್ಬೇಕಿತ್ತು?” ಎಂದ ಸೆಕ್ಯೂರಿಟಿಯವನು.

“ನಮ್ಮ ದೇವರನ್ನ.”

“ಯಾವ ಟವರು ಸಾರ್? ಫ್ಲಾಟ್ ನಂಬರ್ ಹೇಳಿ, ಫೋನ್ ಮಾಡಿ ಕೇಳ್ತೀನಿ.”

ಅನಂತರಾಜುವಿಗೆ ಮೈಯೆಲ್ಲ ಉರಿಯಿತು. ಅಲ್ಲ ಸ್ವಾಮಿ, ತಾತ ಉತ್ತ ಹೊಲ, ತಾನು ಎಮ್ಮೆ ಮೇಯಿಸಿದ ಬಯಲು, ಅಲ್ಲಿ ತನ್ನ ದೇವರನ್ನು ನೋಡಲು ಯಾರೋ ಫ್ಲಾಟಿನವರು ಹೂಂ ಅನ್ನಬೇಕೇ? ಕಾಂಪೌಂಡಿನ ಸಂದಿಯಲ್ಲಿ ಕಣ್ಣಿಟ್ಟು ನೋಡಿದ. ದೇವರಿದ್ದ ಜಾಗದಲ್ಲಿ ಈಜುಕೊಳವಿತ್ತು, ಅದರೊಳಗೆ ಒಬ್ಬ ದಪ್ಪನೆಯ ಮನುಷ್ಯ ಅಂಗಾತ ತೇಲುತ್ತಿದ್ದ. “ಇವರ ಮನೆ ಹಾಳಾಗ!” ಎಂದು ಶಾಪ ಹಾಕಿ ಹಿಂತಿರುಗಿದ.

ದಾರಿಯಲ್ಲಿ ಎದುರುಮನೆಯ ಶಿವರಾಮ್ ಸಿಕ್ಕರು. ಟೆಲಿಫೋನ್ ಇಲಾಖೆಯಿಂದ ರಿಟೈರಾದ ಮೇಲೆ ಅವರಿಗೆ ಹಳೆಯ ಕಲ್ಲುಗಳ ಹುಚ್ಚು ಹಿಡಿದಿತ್ತು. ರಜಾದಿನ ಬಂತೆಂದರೆ ಟೋಪಿ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದರು, ಸೋಮವಾರ ಬೆಳಿಗ್ಗೆ ಬೀದಿಯವರನ್ನೆಲ್ಲ ನಿಲ್ಲಿಸಿ ಫೋಟೋ ತೋರಿಸುತ್ತಿದ್ದರು. ಅವರನ್ನು ದೂರದಿಂದ ಕಂಡರೆ ಅಡ್ಡರಸ್ತೆ ಹಿಡಿಯುತ್ತಿದ್ದ ಅನಂತರಾಜು ಆವತ್ತು ತಾನೇ ಹೋಗಿ ಮಾತಾಡಿಸಿದ. ಅವರ ಫೋನಿನಲ್ಲಿ ನಿಲ್ಲಿಸಿದ ಚಪ್ಪಡಿ, ಹೊದಿಸಿದ ಚಪ್ಪಡಿ, ಒಳಗೆ ಕತ್ತಲು, ಎಲ್ಲವೂ ಇತ್ತು.

“ಇದೆಲ್ಲಿ ಬರ್ತದೆ ಸಾರ್?”

“ರಾಜಾನುಕುಂಟೆ ದಾಟಿ ಒಳಗೆ ಹೋಗ್ಬೇಕು. ಯಾಕ್ರೀ, ನಿಮಗೂ ಆಸಕ್ತಿ ಬಂತಾ?” ಶಿವರಾಮ್ ಮುಖ ಅರಳಿತು.

“ಹಂಗೇ ಸುಮ್ನೆ” ಎಂದು ಅನಂತರಾಜು ಜಾರಿಕೊಂಡ. ದೇವರಿಲ್ಲದವನಿಗೆ ದೇವರು ಸಿಕ್ಕಿದ್ದ.

ಭಾನುವಾರ ಬೆಳಿಗ್ಗೆ ಟೆಂಪೋ ಟ್ರಾವೆಲರ್ ಬಂತು. ಬ್ಯಾಟರಾಯಪ್ಪ, ಗೋಪಿ, ಬ್ಯಾಟರಾಯಪ್ಪನ ತಾಯಿ ಸುಬ್ಬಮ್ಮ ಒಳಗಿದ್ದರು. ಹಣ್ಣುಮುದುಕಿ ಸುಬ್ಬಮ್ಮ ಹಿಂದಿನ ಸೀಟಿನಲ್ಲಿ ಮಲಗಿ ಆಗಲೇ ಗೊರಕೆ ಹೊಡೆಯುತ್ತಿದ್ದಳು. ನಾಗಲಕ್ಷ್ಮಿ, ಆಶಾರಾಣಿ ಹೂವು ಕಾಯಿ ಹಿಡಿದು ಹತ್ತಿದರು. ಇನ್ನೇನು ಹೊರಡಬೇಕು, ಟೋಪಿ ಹಾಕಿದ ಶಿವರಾಮ್ ಓಡಿಬಂದು ಡ್ರೈವರ್ ಪಕ್ಕ ಕೂತೇಬಿಟ್ಟರು.

“ರಾಜಾನುಕುಂಟೆ ಕಡೆಗೆ ತಾನೇ? ಸುಳಿವೇ ಕೊಡದೆ ಹೊರಟ್ರಲ್ಲಾ! ನಾನಿಲ್ದಿದ್ರೆ ದಾರಿ ತಪ್ತೀರಿ.”

ಇಳಿಯಿರಿ ಅನ್ನೋಣವೆಂದರೆ ದಾರಿ ತನಗೆ ಗೊತ್ತಿಲ್ಲ. ಅನಂತರಾಜು ಹಲ್ಲು ಕಚ್ಚಿಕೊಂಡು, “ನಮ್ಮ ಎದುರುಮನೆಯವರು, ಭಾಳ ಭಕ್ತರು” ಎಂದು ಬೀಗನಿಗೆ ಪರಿಚಯ ಮಾಡಿಸಿದ.

ರಾಜಾನುಕುಂಟೆ ದಾಟಿದ ಮೇಲೆ ರಸ್ತೆ ಕವಲೊಡೆಯಿತು. ಡ್ರೈವರ್ ತಿರುಗಿ ನೋಡಿದ. ಮನೆದೇವರ ದಾರಿಯಲ್ಲವೇ, ಹೇಳಲೇಬೇಕು. “ಎಡಕ್ಕೆ” ಅಂದ ಅನಂತರಾಜು. “ಬಲಕ್ಕೆ” ಅಂದರು ಶಿವರಾಮ್. ಗಾಡಿ ಬಲಕ್ಕೆ ಹೋಯಿತು. ಮುಂದಿನ ಕವಲಿನಲ್ಲಿ ಬುದ್ಧಿ ಉಪಯೋಗಿಸಿ “ಬಲಕ್ಕೆ” ಅಂದ. “ಎಡಕ್ಕೆ ಕಣ್ರೀ!” ಎಂದರು ಶಿವರಾಮ್.

“ಏನ್ ಬೀಗ್ರೇ, ನಿಮ್ ಮನೆದೇವ್ರ ದಾರಿ ಅವ್ರಿಗೇ ಚೆನ್ನಾಗಿ ಗೊತ್ತಿದ್ದಂಗೈತೆ?” ಎಂದ ಬ್ಯಾಟರಾಯಪ್ಪ.

“ಆಗೆಲ್ಲ ಎತ್ತಿನಗಾಡಿ ದಾರಿ ಇತ್ತು. ಈಗ ಎಲ್ಲಾ ಕಿತ್ತು ಹಾಕ್ಬಿಟ್ಟವ್ರೆ ಬಡ್ಡೀಮಕ್ಳು.”

ಗುಡ್ಡದ ಬುಡದಲ್ಲಿ ಗಾಡಿ ನಿಂತಿತು. ಸುಬ್ಬಮ್ಮನನ್ನು ಮಲಗಿದ್ದಲ್ಲೇ ಬಿಟ್ಟು ಉಳಿದವರು ಬಂಡೆ ಹತ್ತಿದರು. ಮೇಲೆ ಸೀಗೆಮೆಳೆಯ ಮಗ್ಗುಲಲ್ಲಿ ಕಲ್ಲುಮನೆ ನಿಂತಿತ್ತು. ಎದುರಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿಯೂ ಇತ್ತು. ಶಿವರಾಮ್ ಹಿಂದೆ ಉಳಿದು ಯಾವುದೋ ಬಂಡೆಯ ಫೋಟೋ ತೆಗೆಯುತ್ತಿದ್ದರು. ಅವರು ಬರುವಷ್ಟರಲ್ಲಿ ಮುಗಿಸಿಬಿಡಬೇಕೆಂದು ಅನಂತರಾಜು ಲಗುಬಗೆಯಿಂದ ಕಲ್ಲಿಗೆ ಅರಿಶಿನ ಬಳಿದ, ಕುಂಕುಮ ಇಟ್ಟ, ಹೂವು ಏರಿಸಿದ, ಕರ್ಪೂರ ಹಚ್ಚಿದ. ಕೈ ಮುಗಿದು ಲಗ್ನಪತ್ರಿಕೆಯನ್ನು ಕಿಂಡಿಯ ಅಂಚಿನಲ್ಲಿ ಇಟ್ಟ. ಅದು ಜಾರಿ ಒಳಗೆ ಬಿದ್ದುಹೋಯಿತು. ಕೈ ಹಾಕಿದರೆ ಎಟುಕಲಿಲ್ಲ.

“ದೇವ್ರೇ ತಗಂಡ!” ಎಂದು ಬ್ಯಾಟರಾಯಪ್ಪ ಖುಷಿಯಿಂದ ಕೆನ್ನೆ ಬಡಿದುಕೊಂಡ.

ಅಷ್ಟರಲ್ಲಿ ಶಿವರಾಮ್ ಬಂದರು. ಅರಿಶಿನ ಕಂಡವರೇ ಟೋಪಿ ಕಿತ್ತು ನೆಲಕ್ಕೆ ಹೊಡೆದರು.

“ರೀ ಅನಂತರಾಜು! ಬುದ್ಧಿ ಇದೆಯೇನ್ರೀ ನಿಮಗೆ? ಮೂರು ಸಾವಿರ ವರ್ಷದ ಕಲ್ಲಿಗೆ ಅರಿಶಿನ ಮೆತ್ತಿದೀರಲ್ರೀ! ಇದು ಗುಡಿ ಅಲ್ಲ ಕಣ್ರೀ, ಸಮಾಧಿ! ಆ ಕಾಲದಲ್ಲಿ ಸತ್ತೋರ ಮೂಳೆ ಇಡ್ತಿದ್ದ ಜಾಗ!”

ನಾಗಲಕ್ಷ್ಮಿ ಕೈಯಲ್ಲಿದ್ದ ತಟ್ಟೆ ಬಿಟ್ಟಳು. “ಅಯ್ಯೋ ಶಿವನೇ! ಲಗ್ನಪತ್ರಿಕೆ ಸಮಾಧಿ ಒಳಗೆ ಹಾಕಿದ್ರಾ?”

ಬ್ಯಾಟರಾಯಪ್ಪನ ಮುಖ ಕಪ್ಪಿಟ್ಟಿತು. “ಏನ್ರೀ ಇದು? ನಿಮ್ ಮನೆದೇವ್ರು ಅಂತ ನಮ್ಮನ್ನ ಸುಡುಗಾಡಿಗೆ ಕರ್ಕಂಡ್ ಬಂದ್ರಾ?”

ಆಗ ಅನಂತರಾಜುವಿಗೆ ಬಂತು ನೋಡಿ ಸಿಟ್ಟು. ಅದು ನಾಟಕದ ಸಿಟ್ಟಾಗಿರಲಿಲ್ಲ. ಈಜುಕೊಳದ ಕೆಳಗೆ ಮುಚ್ಚಿಹೋದ ತನ್ನ ದೇವರು, ಫ್ಲಾಟ್ ನಂಬರ್ ಕೇಳಿದ ಸೆಕ್ಯೂರಿಟಿ, ಅಂಗಾತ ತೇಲುತ್ತಿದ್ದ ಆ ದಪ್ಪ ಮನುಷ್ಯ, ಎಲ್ಲರ ಮೇಲಿನ ಸಿಟ್ಟೂ ಒಟ್ಟಿಗೇ ಗಂಟಲಿಗೆ ಬಂತು.

“ಸಮಾಧಿಯಂತೆ! ಯಾರ್ರೀ ಹೇಳಿದ್ದು? ನಮ್ಮ ಹೊಲ ತಗೊಂಡ್ರಿ, ಕೆರೆ ತಗೊಂಡ್ರಿ, ಈಗ ದೇವ್ರನ್ನೂ ಬಿಡಲ್ವಾ? ನಮ್ಮಪ್ಪ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಬಂದು ಇಲ್ಲೇ ಕೈ ಮುಗಿಸಿದ್ದು! ನಮ್ಮ ತಾತ, ಮುತ್ತಾತ ಎಲ್ಲಾ ಇಲ್ಲೇ ಅಡ್ಡಬಿದ್ದೋರು!” ಉರಿಯುತ್ತಿದ್ದ ಕರ್ಪೂರದ ಮೇಲೆ ಕೈ ಹಿಡಿದೇಬಿಟ್ಟ. “ಕರ್ಪೂರ ಮುಟ್ಟಿ ಹೇಳ್ತೀನಿ, ಇವನೇ ನಮ್ಮ ಮನೆದೇವ್ರು! ಏಳು ತಲೆಮಾರಿಂದ ನಾವು ಇವನ ಒಕ್ಕಲು!”

ಕಣ್ಣಲ್ಲಿ ನೀರು ಸುರಿಯಿತು. ಶಿವರಾಮ್ ಮುಖದ ಮೇಲಿದ್ದ ಸಿಟ್ಟು ಇಳಿದು ಏನೋ ಒಂದು ಭಕ್ತಿ ಏರಿತ್ತು. ಅವರು ಮೆಲ್ಲಗೆ ಫೋನ್ ಎತ್ತಿ ಹಿಡಿದಿದ್ದರು.

“ಇವತ್ತಿಗೂ ಪೂಜೆ ನಡೀತಿದೆ ಅಂತ ಯಾರಿಗೂ ಗೊತ್ತೇ ಇಲ್ವಲ್ರೀ! ನನ್ನನ್ನ ಕ್ಷಮಿಸ್ಬಿಡಿ. ಇನ್ನೊಂದ್ಸಲ ಹೇಳ್ತೀರಾ? ಗಾಳಿ ಸದ್ದು ಬಂದ್ಬಿಡ್ತು.”

ಅನಂತರಾಜು ಇನ್ನೊಂದು ಸಲ ಹೇಳಿದ. ಈ ಸಲ ತಲೆಮಾರು ಒಂಬತ್ತಾದವು.

ಬ್ಯಾಟರಾಯಪ್ಪ ಬಂದು ತಬ್ಬಿಕೊಂಡ. “ಅನುಮಾನ ಪಟ್ಟಿದ್ದು ನಂದೇ ತೆಪ್ಪು ಬೀಗ್ರೇ. ಲೇ ಗೋಪಿ, ಓಗ್ಲಾ, ಅವ್ವನ್ನೂ ಎತ್ಕಂಡ್ ಬಾ. ಇಂಥಾ ದೇವ್ರಿಗೆ ಅವ್ಳೂ ಕೈ ಮುಗೀಲಿ.”

ಅಬ್ಬಾ! ಅನಂತರಾಜು ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಂಡ. ಸುಟ್ಟ ಅಂಗೈ ಚುರುಗುಟ್ಟುತ್ತಿತ್ತು. ಆದರೂ ಮಗಳ ಮದುವೆ ಉಳಿದಿತ್ತು.

ಗೋಪಿ ಅಜ್ಜಿಯನ್ನು ಹೊತ್ತು ತಂದು ಇಳಿಸಿದ. ಸುಬ್ಬಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಕಲ್ಲುಮನೆ ನೋಡಿದಳು, ಕಿಂಡಿ ನೋಡಿದಳು, ಸುತ್ತಲಿನ ಬಂಡೆ ನೋಡಿದಳು. ಆಮೇಲೆ ಎದೆ ಬಡಿದುಕೊಂಡು ಅಳತೊಡಗಿದಳು.

“ಏನ್ಲಾ ಬ್ಯಾಟಾ, ಇದು ನಮ್ ದ್ಯಾವ್ರಲ್ವೇನ್ಲಾ!”

“ಸುಮ್ಕಿರವ್ವಾ. ಇದು ಅವ್ರ ದೇವ್ರು. ನಮ್ದು ಬಾಗಲಗುಂಟೇಲಿ ಗುಡಿ ಇಲ್ವಾ?”

“ನಿನ್ ತಲೆ! ಮದ್ವೆಯಾದ ಒಸದ್ರಲ್ಲಿ ನಿಮ್ಮಪ್ಪ ಗಾಡಿ ಕಟ್ಕಂಡು ಇಲ್ಲಿಗೇ ಕರ್ಕಂಡ್ ಬಂದಿದ್ದು. ವರ್ಸಾ ವರ್ಸಾ ಬರಕಾಗಕಿಲ್ಲ ಅಂತ ಇಲ್ಲಿಂದ್ಲೇ ಒಂದಿಡಿ ಮಣ್ಣು ತಗಂಡೋಗಿ ಆ ಗುಡಿ ಕಟ್ಸಿದ್ದು. ನೋಡೋಗು, ಇಂದ್ಗಡೆ ಬಂಡೇಲಿ ಒಂದು ಗುಣಿ ಐತೆ. ಅದ್ರಾಗೇ ನಾನು ಖಾರ ಅರ್ದಿದ್ದು.”

ಗೋಪಿ ಹಿಂದೆ ಹೋಗಿ ನೋಡಿ ಬಂದ. “ಹೌದಪ್ಪಾ, ಇದೆ.”

ನಾಗಲಕ್ಷ್ಮಿಗೆ ಸಂತೋಷ ತಡೆಯಲಾಗಲಿಲ್ಲ. “ಎಂಥಾ ಯೋಗ ನೋಡಿ! ಎರಡೂ ಮನೆಗೆ ಒಂದೇ ದೇವ್ರು!”

ಆ ಮಾತು ಅವಳ ಬಾಯಿಂದ ಹೊರಗೆ ಬಂದದ್ದೇ ತಡ, ಅವಳ ಮುಖವೇ ಬಿಳಿಚಿಕೊಂಡಿತು. ಬ್ಯಾಟರಾಯಪ್ಪ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಬಂಡೆಯ ಮೇಲೆ ಕುಸಿದ.

“ಒಂದೇ ದೇವ್ರ ಒಕ್ಕಲು ಅಂದ್ರೆ ನಾವು ಅಣ್ತಮ್ಮಂದಿರು ಆಗೋದ್ವಲ್ರೀ! ಅಣ್ತಮ್ಮಂದಿರ ಮಕ್ಳಿಗೆ ಮದ್ವೆ ಮಾಡಕಾಯ್ತದಾ? ಶಿವ ಶಿವಾ, ದೊಡ್ಡ ಪಾಪ ತೆಪ್ಪಿಸ್ದ ದೇವ್ರು!”

ಗುಣಿ ನೋಡಿ ಬಂದ ಗೋಪಿ ಆಶಾರಾಣಿಯ ಪಕ್ಕ ನಿಂತು ಅವಳ ಕೈ ಹಿಡಿದುಕೊಂಡಿದ್ದ. ಈಗ ಅಪ್ಪನ ಮುಖ ನೋಡಿ ಬಿಟ್ಟ.

“ಅಪ್ಪಾ!” ಎಂದು ಆಶಾರಾಣಿ ಅನಂತರಾಜುವಿನ ಕಡೆಗೆ ತಿರುಗಿದಳು. “ನಿಜಾ ಹೇಳು!”

ಅನಂತರಾಜು ಹೇಳಿದ. ಮಾನ ಹೋದರೆ ಹೋಗಲಿ ಎಂದು ಎಲ್ಲವನ್ನೂ ಹೇಳಿದ. ತನ್ನ ದೇವರು ಈಜುಕೊಳದ ಕೆಳಗೆ ಹೋದದ್ದು, ಈ ಕಲ್ಲುಮನೆ ಶಿವರಾಮ್ ಫೋನಿನಲ್ಲಿ ಸಿಕ್ಕಿದ್ದು, ಇದಕ್ಕೂ ತನಗೂ ಏನೂ ಸಂಬಂಧವಿಲ್ಲದ್ದು. ಬ್ಯಾಟರಾಯಪ್ಪ ಮರುಕದಿಂದ ತಲೆಯಾಡಿಸಿದ.

“ಪಾಪ, ಮಗಳ ಮದ್ವೆ ಉಳಿಸ್ಕಳಕ್ಕೆ ದೇವ್ರನ್ನೇ ಬ್ಯಾಡ ಅಂತಾನಲ್ಲಾ!”

“ಅಯ್ಯೋ, ಇವರನ್ನ ಕೇಳ್ರೀ! ದಾರಿ ತೋರಿಸಿದ್ದೇ ಇವರು! ಹೇಳ್ರೀ ಶಿವರಾಮ್, ಇದು ಸಮಾಧಿ ಅಂತ ಹೇಳ್ರೀ!”

“ದಾರಿ ಮರೆತಿದ್ರಿ, ನಿಜ” ಎಂದರು ಶಿವರಾಮ್ ಗದ್ಗದರಾಗಿ. “ಆದ್ರೆ ಆ ಕಣ್ಣೀರು ಸುಳ್ಳಾಗೋದಕ್ಕೆ ಸಾಧ್ಯವೇನ್ರೀ? ವಿಡಿಯೋ ನಮ್ಮ ಗ್ರೂಪಿಗೆಲ್ಲ ಹಾಕಿ ಆಯ್ತು.”

ಬ್ಯಾಟರಾಯಪ್ಪ ಎದ್ದು ನಿಂತ. “ನೀವೇ ಯೋಳಿ. ಕರ್ಪೂರ ಮುಟ್ಟಿ ಯೋಳಿದ್ದು ನಿಜ ಆದ್ರೆ ನೀವು ನಮ್ಮಣ್ಣ. ಸುಳ್ಳಾದ್ರೆ, ನಮ್ ದೇವ್ರ ಮುಂದೇನೇ ಸುಳ್ಳು ಆಣೆ ಇಟ್ಟೋರು. ಅಂಥಾ ಮನೆ ಎಣ್ಣೂ ನಮಗೆ ಬ್ಯಾಡ. ಯಾವ್ದು ಇಟ್ಕಳಾನ?”

ಇದು ಯಾವ ಊರಿನ ನ್ಯಾಯ? ಹೊಲ ಮಾರಿದ್ದು ಅಪ್ಪ, ಕೊಳ ಕಟ್ಟಿದ್ದು ಬಿಲ್ಡರು, ದಾರಿ ತೋರಿಸಿದ್ದು ಶಿವರಾಮ್, ಖಾರ ಅರೆದದ್ದು ಸುಬ್ಬಮ್ಮ. ಸಿಕ್ಕಿಬಿದ್ದದ್ದು ಮಾತ್ರ ತಾನು. ಅನಂತರಾಜು ಸುಟ್ಟ ಅಂಗೈ ನೋಡಿಕೊಂಡು, “ಅಣ್ಣ ಅಂತಾನೇ ಇಟ್ಕೊಳ್ಳಿ” ಅಂದ.

ವಾಪಸ್ಸು ಬರುವಾಗ ಆಶಾರಾಣಿ ಕಿಟಕಿಗೆ ಮುಖ ಕೊಟ್ಟು ಬಿಕ್ಕುತ್ತಿದ್ದಳು. ನಾಗಲಕ್ಷ್ಮಿ ಗಂಡನನ್ನು ನೋಡುತ್ತಿದ್ದ ನೋಟಕ್ಕೆ ಅನಂತರಾಜು ಸೀಟಿನಲ್ಲಿ ಕುಗ್ಗಿ ಕೂತಿದ್ದ. ಯಲಹಂಕ ಬಂತು ಅನ್ನುವಾಗ ಬ್ಯಾಟರಾಯಪ್ಪ ಬಂದು ಪಕ್ಕದಲ್ಲಿ ಕೂತು, ಅವನ ಹೆಗಲ ಮೇಲೆ ಕೈ ಹಾಕಿದ.

“ಅಣ್ಣಾ, ಬೇಜಾರ್ ಮಾಡ್ಕಬ್ಯಾಡಿ. ನೀವು ಛತ್ರ ಹಿಡ್ದಿದೀರಾ, ಅಡ್ಗೆಯವ್ರಿಗೂ ಯೋಳಿದೀರಾ, ಅಂಥಾ ಮುಹೂರ್ತ ಸುಮ್ಕೆ ವೇಸ್ಟ್ ಆಗ್ಬಾರ್ದು. ಇವತ್ತಿಂದ ಗೋಪಿಗೆ ನೀವು ದೊಡ್ಡಪ್ಪ. ಮನೆಗೆ ದೊಡ್ಡೋರಾಗಿ, ಮುಹೂರ್ತದೊಳ್ಗೆ ನೀವೇ ಓಡಾಡಿ ಅವ್ನಿಗೆ ಒಂದು ಒಳ್ಳೇ ಎಣ್ಣು ಗೊತ್ತು ಮಾಡಿಬಿಡಿ.”